ಕೋಡ್ ಪಾಠದ ವಿಡಿಯೊ: ಅಕ್ಷರ ಮಸುಕಾಗುವುದೇಕೆ?

ಪ್ರಶ್ನೆ: ಪೈಥಾನ್ ಪಾಠಗಳನ್ನು ಒಬಿಎಸ್ ಸ್ಟುಡಿಯೊ ಎಂಬ ಪರದೆ ಚಿತ್ರೀಕರಿಸುವ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನ ಪರದೆ 1366×768, ಔಟ್‌ಪುಟ್ 1920×1080 ಇಟ್ಟಿದ್ದೇನೆ. ಆದರೂ ಕೋಡಿನ ಅಕ್ಷರ ಮಸುಕು. ಸ್ಕ್ರೋಲ್ ಮಾಡಿದಾಗಂತೂ ಕಲಸಿಹೋಗುತ್ತದೆ.
— ಓದುಗರು, ದಾವಣಗೆರೆ

ಉತ್ತರ: ಮಸುಕಿಗೆ ಕಾರಣವೇ ಆ 1920×1080. ಚಿತ್ರವನ್ನು ಸುಮಾರು 1.4 ಪಟ್ಟು ಹಿಗ್ಗಿಸಿದಾಗ ಅಕ್ಷರದ ಅಂಚು ಪಕ್ಕದ ಪಿಕ್ಸೆಲ್ಲಿಗೆ ಹರಡುತ್ತದೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಪರದೆಯನ್ನೇ 1280×720ಕ್ಕೆ ಇಳಿಸಿ. ಒಬಿಎಸ್‌ನ ವಿಡಿಯೊ ಸೆಟ್ಟಿಂಗಿನಲ್ಲಿ ಬೇಸ್ ಮತ್ತು ಔಟ್‌ಪುಟ್ ಎರಡಕ್ಕೂ ಅದೇ ಅಳತೆ ಕೊಡಿ. ನಂತರ ಡಿಸ್‌ಪ್ಲೇ ಕ್ಯಾಪ್ಚರ್ ಆಯ್ದು ಕಂಟ್ರೋಲ್-ಆರ್ ಒತ್ತಿದರೆ ಹಳೆಯ ಹಿಗ್ಗುವಿಕೆ ಹೋಗುತ್ತದೆ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪ್ ಪರದೆ ನಿಮಗೆ ತುಸು ಮಸುಕಾಗಿ ಕಂಡರೆ ಹೆದರಬೇಡಿ, ಫೈಲಿನಲ್ಲಿ ಅಕ್ಷರ ಚೊಕ್ಕವಾಗಿರುತ್ತದೆ.

ಕೋಡ್ ಬರೆಯುವುದು ವಿಎಸ್ ಕೋಡ್ ಎಡಿಟರಿನಲ್ಲಾದರೆ ಅಲ್ಲಿ ಅಕ್ಷರದ ಗಾತ್ರ 22 ಇಡಿ, ಟರ್ಮಿನಲ್ಲಿಗೂ ಅಷ್ಟೇ. ಒಮ್ಮೆಗೆ ಇಪ್ಪತ್ತರಷ್ಟು ಸಾಲು ಮಾತ್ರ ಕಾಣುತ್ತವೆ. ಕಲಿಯುವವರಿಗೆ ಅದು ಧಾರಾಳ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಫೋನಿಗೆ ಹಾಕಿಕೊಂಡು ಓದಿ ನೋಡಿ. ನಿಮ್ಮ ಪಾಠ ನೋಡುವವರಲ್ಲಿ ಎಷ್ಟೋ ಜನರ ಪರದೆ ಅದೇ.

ಸ್ಕ್ರೋಲ್ ಮಾಡಿದಾಗ ಕಲಸುವುದು ಬಿಟ್‌ರೇಟಿನ, ಅಂದರೆ ಸೆಕೆಂಡಿಗೆ ಬಳಸುವ ಡೇಟಾದ ದೋಷ. ಕೋಡ್ ನಿಂತಿದ್ದಾಗ ಡೇಟಾ ಹೆಚ್ಚು ಬೇಡ, ಸರಿದಾಗ ಇಡೀ ಚಿತ್ರ ಬದಲಾಗಿ 2500 ಕೆಬಿಪಿಎಸ್‌ನಂಥ ನಿಗದಿತ ಮಿತಿ ಸಾಲುವುದಿಲ್ಲ. ಔಟ್‌ಪುಟ್ ಮೋಡನ್ನು ಅಡ್ವಾನ್ಸ್ಡ್ ಮಾಡಿ, ಎಕ್ಸ್264 ಎನ್ಕೋಡರಿನಲ್ಲಿ ನಿಗದಿತ ಮಿತಿಯ ಬದಲು ಗುಣಮಟ್ಟವನ್ನು ಕಾಯ್ದುಕೊಳ್ಳುವ ಸಿಆರ್‌ಎಫ್ ಆಯ್ದು 18–20 ಕೊಡಿ. ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರ ಇಷ್ಟಾದರೂ ಮಂಕಾಗಿ ಕಾಣಬಹುದು. ವಿಡಿಯೊದಲ್ಲಿ ಸಾಮಾನ್ಯವಾಗಿ ಬೆಳಕಿನ ವಿವರ ಪ್ರತಿ ಪಿಕ್ಸೆಲ್ಲಿಗೂ, ಬಣ್ಣದ ವಿವರ ನಾಲ್ಕಕ್ಕೆ ಒಂದರಂತೆ ಉಳಿಯುವುದೇ ಇದಕ್ಕೆ ಕಾರಣ. ಬಿಳಿ ಹಿನ್ನೆಲೆಯ ಥೀಮ್ ಒಮ್ಮೆ ಬಳಸಿ ನೋಡಿ.

ಪ್ರಶ್ನೆ: ವೆಬ್‌ಕ್ಯಾಮ್ ಚಿತ್ರದಲ್ಲಿ ಅಡ್ಡಪಟ್ಟೆಗಳು ಓಡುತ್ತವೆ. ತುಟಿಗಿಂತ ಮಾತು ಮುಂದಿದೆ.
— ಓದುಗರು, ಮೈಸೂರು

ಉತ್ತರ: ನಮ್ಮ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕ್ಯಾಮೆರಾ 60ಕ್ಕೆ ಹೊಂದಿಕೊಂಡಿದ್ದರೆ ಪಟ್ಟೆ ಬರುತ್ತದೆ. ವೆಬ್‌ಕ್ಯಾಮ್ ಸೋರ್ಸಿನ ಪ್ರಾಪರ್ಟೀಸ್, ಅಲ್ಲಿ ಕಾನ್ಫಿಗರ್ ವಿಡಿಯೊ ತೆರೆದು ಪವರ್‌ಲೈನ್ ಫ್ರೀಕ್ವೆನ್ಸಿಯನ್ನು 50 ಮಾಡಿ.

ಮಾತು ಮುಂದಾಗುವುದು ಕ್ಯಾಮೆರಾದ ಚಿತ್ರ ಕಂಪ್ಯೂಟರಿಗೆ ತಡವಾಗಿ ತಲುಪುವುದರಿಂದ. ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ಎಡಿಟರಿನಲ್ಲಿ ಸದ್ದಿಗೂ ಕೈ ಸೇರುವುದಕ್ಕೂ ನಡುವಿನ ಫ್ರೇಮುಗಳನ್ನು ಎಣಿಸಿ. 30 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡ್. ನಾಲ್ಕು ಫ್ರೇಮ್ ಅಂತರವಿದ್ದರೆ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ ಮೈಕಿನ ಸಿಂಕ್ ಆಫ್‌ಸೆಟ್‌ಗೆ 130 ಬರೆಯಿರಿ. ಕ್ಯಾಮೆರಾ ಬದಲಿಸಿದರೆ ಮತ್ತೆ ಅಳೆಯಬೇಕು.

ಪ್ರಶ್ನೆ: ಕರೆಂಟು ಹೋಗಿ ಕಂಪ್ಯೂಟರ್ ಆಫ್ ಆಯಿತು. ಎಂಪಿ4 ಫೈಲ್ ತೆರೆಯುತ್ತಿಲ್ಲ.
— ಓದುಗರು, ಕಲಬುರಗಿ

ಉತ್ತರ: ಸಾಮಾನ್ಯ ಎಂಪಿ4ರ ಸೂಚಿ (ಫೈಲಿನಲ್ಲಿ ಯಾವುದು ಎಲ್ಲಿದೆ ಎಂಬ ಪಟ್ಟಿ) ಬರೆಯಲಾಗುವುದು ರೆಕಾರ್ಡಿಂಗ್ ಮುಗಿದಾಗ; ಅದಿಲ್ಲದೆ ಪ್ಲೇಯರಿಗೆ ದಾರಿ ಸಿಗದು. ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶಕ್ಕೆ ಅದೇ ಸೆಟ್ಟಿಂಗಿನ ಒಂದು ಸರಿಯಾದ ಫೈಲ್ ಜೊತೆಗೆ ಕೊಟ್ಟು ನೋಡಿ, ಸಿಕ್ಕರೂ ಸಿಗಬಹುದು. ಇನ್ನು ಮುಂದೆ, ನಡುವೆ ನಿಂತರೂ ಅಲ್ಲಿಯವರೆಗಿನದು ಉಳಿಯುವ ಎಂಕೆವಿ ಮಾದರಿಯಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್ ಬಳಸಿ ಎಂಪಿ4 ಮಾಡಿಕೊಳ್ಳಿ. ಗುಣಮಟ್ಟ ಕಿಂಚಿತ್ತೂ ಕೆಡುವುದಿಲ್ಲ.