ಡ್ಯೂಟಿ ತಪ್ಪಿಸಿ ಓದಿದ್ರೆ ಸರ್ಜರಿ ಸೀಟು ಸಿಗುತ್ತಾ?

ಎಂಬಿಬಿಎಸ್ ಆದಮೇಲೆ ಎಂ.ಎಸ್. ಜನರಲ್ ಸರ್ಜರಿ (ಸರ್ಜನ್ ಆಗುವ ಸ್ನಾತಕೋತ್ತರ ಪದವಿ) ಬೇಕು ಅನ್ನುವವರಿಂದ ಪ್ರತಿ ಸಲವೂ ಇವೇ ಪ್ರಶ್ನೆಗಳು. ಚಿಕ್ಕವನ್ನು ಮೊದಲು ಮುಗಿಸುತ್ತೇನೆ.

ಪ್ರಶ್ನೆ: ಸರ್ಜರಿ ಸೀಟಿಗೆ ಎಷ್ಟು ಸಂಶೋಧನಾ ಲೇಖನ ಬೇಕು ಸರ್?

ಒಂದೂ ಬೇಡ. ಅಮೆರಿಕದ ರೆಸಿಡೆನ್ಸಿಯ ವಿಡಿಯೊ ನೋಡಿ ಗಾಬರಿಯಾಗಿದ್ದೀರಿ. ಇಲ್ಲಿ ಪಿಜಿ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ನೀಟ್ ಪಿಜಿಯಲ್ಲಾಗಲಿ, ಏಮ್ಸ್, ಜಿಪ್‌ಮರ್‌ಗೆ ಬರೆಯುವ ಐಎನ್‌ಐ ಸಿಇಟಿಯಲ್ಲಾಗಲಿ ಲೇಖನಕ್ಕೆ ಅಂಕ ಇಲ್ಲ. ದುಡ್ಡು ತಗೊಂಡು ನಿಮ್ಮ ಹೆಸರು ಸೇರಿಸುವ ಪತ್ರಿಕೆಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಏಜೆಂಟ್ ಒಬ್ಬರು ಅಡ್ವಾನ್ಸ್ ಕೊಟ್ಟರೆ ಸೀಟು ಬ್ಲಾಕ್ ಮಾಡಿಸ್ತೀನಿ ಅಂತಿದ್ದಾರೆ.

ಕಳ್ಳ. ಖಾಸಗಿ ಕಾಲೇಜಿನ ಸೀಟೂ ಕೌನ್ಸೆಲಿಂಗ್‌ನಲ್ಲೇ ಹಂಚಿಕೆಯಾಗುತ್ತೆ. ಫೋನ್ ಇಡಿ.

ಪ್ರಶ್ನೆ: ಮಗಳು ಸರ್ಜರಿಯೇ ಬೇಕು ಅಂತಾಳೆ. ಹೆಣ್ಣುಮಕ್ಕಳಿಗೆ ಕಷ್ಟ ಅಲ್ವಾ?

ಗಂಡುಮಕ್ಕಳಿಗೂ ಕಷ್ಟವೇ. ಅವಳ ಪಾಡಿಗೆ ಅವಳನ್ನು ಓದಲು ಬಿಡಿ.

ಪ್ರಶ್ನೆ: ಎಂಬಿಬಿಎಸ್ ಓದು ಮುಗಿಸಿ ಹೌಸ್ ಸರ್ಜನ್ (ಇಂಟರ್ನ್) ಆಗಿದ್ದೇನೆ. 'ಪಿಜಿ ಓದ್ತಿರೋ ಡಾಕ್ಟರ್‌ಗಳ ಹತ್ರ ಹೇಳಿ ಡ್ಯೂಟಿ ಅಡ್ಜಸ್ಟ್ ಮಾಡ್ಕೋ, ಲೈಬ್ರರಿಯಲ್ಲಿ ಕೂತು ಓದು' ಅಂತಾರೆ ಸೀನಿಯರ್ಸ್. ಏನು ಮಾಡಲಿ?

ಆ ಸೀನಿಯರ್ಸ್‌ನ ಒಮ್ಮೆ ನನ್ನ ಹತ್ರ ಕಳಿಸಿ.

ನೀಟ್ ಪಿಜಿಯಲ್ಲಿ 200 ಪ್ರಶ್ನೆ, 800 ಅಂಕ. ಸರಿಯಾದರೆ 4, ತಪ್ಪಾದರೆ 1 ಕಟ್. 2024ರಿಂದ ಪೇಪರ್ ಐದು ಭಾಗವಾಗಿದೆ. ಒಂದೊಂದಕ್ಕೆ 40 ಪ್ರಶ್ನೆ, 42 ನಿಮಿಷ. ಹೊತ್ತು ಮೀರಿದರೆ ಹಿಂದಕ್ಕೆ ಹೋಗುವ ಹಾಗಿಲ್ಲ. ಎಷ್ಟೋ ಪ್ರಶ್ನೆಗಳಲ್ಲಿ ಒಬ್ಬ ರೋಗಿಯೇ ಎದುರಿಗಿರುತ್ತಾನೆ. ಬೈಕಿನಿಂದ ಬಿದ್ದವನು, ಏದುಸಿರು, ಎದೆಯ ಒಂದು ಕಡೆ ಉಸಿರಿನ ಸದ್ದಿಲ್ಲ, ಬಿಪಿ ಕುಸಿದಿದೆ. ಮೊದಲು ಏನು ಮಾಡ್ತೀರಿ? ಲೈಬ್ರರಿಯಲ್ಲೇ ಕೂತವರು ಎಕ್ಸ್‌ರೇ ಅನ್ನುತ್ತಾರೆ. ಕ್ಯಾಶುಯಲ್ಟಿಯಲ್ಲಿ ರಾತ್ರಿ ನಿಂತವರು ಪ್ರಶ್ನೆ ಓದಿ ಮುಗಿಸುವ ಮುಂಚೆಯೇ ಎದೆಯೊಳಗಿನ ಗಾಳಿ ಬಿಡಿಸುವ ಆಯ್ಕೆ ಹುಡುಕುತ್ತಿರುತ್ತಾರೆ.

ಎದೆಗೆ ಟ್ಯೂಬ್ ಹಾಕಿದ ಮೇಲಿನ ಕೆಲಸವೂ ನಿಮ್ಮದೇ. ಬೆಳಿಗ್ಗೆ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಟ್ಯೂಬಿನ ತುದಿ ಮುಳುಗಿರುವ ನೀರಿನ ಬಾಟಲಿ ನೋಡಿ. ಉಸಿರಿಗೆ ತಕ್ಕಂತೆ ಟ್ಯೂಬಿನೊಳಗೆ ನೀರು ಮೇಲೆ ಕೆಳಗೆ ಆಡಬೇಕು. ಆಡದಿದ್ದರೆ ಟ್ಯೂಬ್ ಕಟ್ಟಿಕೊಂಡಿರಬಹುದು, ಇಲ್ಲವೇ ಶ್ವಾಸಕೋಶ ಪೂರ್ತಿ ಹಿಗ್ಗಿರಬಹುದು. ಒಂದು ಕೆಟ್ಟ ಸುದ್ದಿ, ಇನ್ನೊಂದು ಒಳ್ಳೆಯದು. ಯಾವುದು ಅಂತ ಎದೆಗೆ ಸ್ಟೆತ್ ಇಟ್ಟು, ಎಕ್ಸ್‌ರೇ ನೋಡಿ ಹೇಳಬೇಕು. ಕೆಮ್ಮಲು ಹೇಳಿ. ಗುಳ್ಳೆ ಬಂದರೆ ಗಾಳಿ ಇನ್ನೂ ಸೋರುತ್ತಿದೆ. ಒಮ್ಮೆ ಹೀಗೆ ನೋಡಿದರೆ ಸಾಕು, ಉರು ಹೊಡೆಯುವ ಕೆಲಸ ಇಲ್ಲ.

ಹಾಗಂತ ಓದಬೇಡಿ ಅಂದೆನಾ? ಸರ್ಜರಿ, ಮೆಡಿಸಿನ್, ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ಡ್ಯೂಟಿ ಪೂರ್ತಿ ಮಾಡಿ. ಕೆಲಸ ಹಗುರ ಇರುವ ಪೋಸ್ಟಿಂಗ್‌ಗಳಲ್ಲಿ ಜಾಸ್ತಿ ಓದಿ. ಸರ್ಜರಿ ಇಷ್ಟ ಅಂತ ಸರ್ಜರಿಯನ್ನೇ ಮತ್ತೆ ಮತ್ತೆ ಓದುತ್ತಾ ಕೂರಬೇಡಿ. ಪರೀಕ್ಷೆ 19 ವಿಷಯಗಳದ್ದು. ನಿಮ್ಮಂಥವರು ರ‍್ಯಾಂಕ್ ಕಳೆದುಕೊಳ್ಳುವುದು ಪಿಎಸ್‌ಎಂ (ಸಮುದಾಯ ಆರೋಗ್ಯ), ಫಾರ್ಮಾ (ಔಷಧ ವಿಜ್ಞಾನ), ಪ್ಯಾಥಾಲಜಿಯಲ್ಲಿ. ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ನೋಡುವುದಕ್ಕೆ ಓದು ಅನ್ನಬೇಡಿ. ಗಡಿಯಾರ ಇಟ್ಟುಕೊಂಡು 42 ನಿಮಿಷಕ್ಕೆ 40 ಪ್ರಶ್ನೆ ಬಿಡಿಸಿ, ತಪ್ಪಾದವನ್ನು ಅವತ್ತೇ ನೋಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದೇ ಇಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯಾ? ಆಮೇಲೆ ಲಸಿಕೆ ಹಿಡಿದಿದೆಯಾ ಅಂತ ರಕ್ತದಲ್ಲಿ ಆಂಟಿಬಾಡಿ ಟೈಟರ್ (ಪ್ರಮಾಣ) ಮಾಡಿಸಿ 10 mIU/mLಗಿಂತ ಮೇಲಿದೆ ಅಂತ ನೋಡಿದ್ದೀರಾ? ರೋಗಿಗೆ ಬಳಸಿದ ಸೂಜಿ ನಿಮಗೆ ಚುಚ್ಚಿದರೆ ನಾಚಿಕೊಂಡು ಮುಚ್ಚಿಡಬೇಡಿ. ಎಚ್‌ಐವಿ ತಡೆಯುವ ಮಾತ್ರೆ ಆದಷ್ಟು ಬೇಗ, 72 ಗಂಟೆಯೊಳಗೆ ಶುರುವಾಗಲೇಬೇಕು. ಟೈಟರ್ ರಿಪೋರ್ಟ್ ತೋರಿಸದ ಹೌಸ್ ಸರ್ಜನ್‌ನ ನಾನು ಆಪರೇಷನ್ ಥಿಯೇಟರ್‌ಗೆ ಬಿಡುವುದಿಲ್ಲ. ಎಷ್ಟೇ ಒಳ್ಳೆ ರ‍್ಯಾಂಕ್ ಬರುವ ಹುಡುಗನಾಗಿರಲಿ.