ತೀರ್ಪು ಯಾವ ವರ್ಷದ್ದೆಂದು ಮೊದಲು ನೋಡಿ

ಪ್ರಶ್ನೆ: ತೆರಿಗೆ ಸಲಹೆಗಾರನಾಗಿ ಇತ್ತೀಚೆಗೆ ವೃತ್ತಿ ಆರಂಭಿಸಿದ್ದೇನೆ. ನನ್ನ ಕಕ್ಷಿದಾರರೊಬ್ಬರು 2025ರ ಜೂನ್‌ನಲ್ಲಿ ಕೃಷಿ ಜಮೀನು ಮಾರಿದ್ದಾರೆ. ಪಾಲಿಕೆಯ ಗಡಿಯಿಂದ ಅದು ರಸ್ತೆಯಲ್ಲಿ ಏಳು ಕಿ.ಮೀ., ನೇರವಾಗಿ ಅಳೆದರೆ ಐದೂವರೆ ಕಿ.ಮೀ. ದೂರದಲ್ಲಿದೆ. ರಸ್ತೆಯ ದೂರವನ್ನೇ ಪರಿಗಣಿಸಬೇಕೆಂಬ ಹೈಕೋರ್ಟ್ ತೀರ್ಪೊಂದು ಸಿಕ್ಕಿದೆ. ಅದರ ಆಧಾರದ ಮೇಲೆ ಬಂಡವಾಳ ಲಾಭದ ತೆರಿಗೆ ಇಲ್ಲವೆಂದು ತಿಳಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ತಿಳಿಸಬಾರದು. ಊರಿನ ಗಡಿಯಿಂದ ನಿಗದಿತ ದೂರದೊಳಗಿನ ಕೃಷಿ ಜಮೀನು ಬಂಡವಾಳ ಆಸ್ತಿ, ಅಂದರೆ ಮಾರಿದ ಲಾಭಕ್ಕೆ ತೆರಿಗೆ ಬೀಳುವ ಆಸ್ತಿ; ಅದರಾಚೆಯ ಕೃಷಿ ಜಮೀನಿಗೆ ಈ ತೆರಿಗೆ ಇಲ್ಲ. ತೀರ್ಪಿನಲ್ಲಿ ದೋಷವಿಲ್ಲ, ಆದರೆ ಅದು ಅನ್ವಯಿಸುವ ಕಾಲ ಮುಗಿದಿದೆ. 2013ರ ಹಣಕಾಸು ಕಾಯ್ದೆಯು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 2(14)ಕ್ಕೆ ತಿದ್ದುಪಡಿ ತಂದು, ದೂರವನ್ನು ಆಕಾಶಮಾರ್ಗದಲ್ಲಿ, ಅಂದರೆ ನೇರವಾಗಿ ಅಳೆಯಬೇಕೆಂದು ಸ್ಪಷ್ಟಪಡಿಸಿತು. ಇದು 2014-15ರ ಕರನಿರ್ಧಾರಣಾ ವರ್ಷದಿಂದ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ) ಅನ್ವಯಿಸುತ್ತದೆ. ಅದಕ್ಕೂ ಹಿಂದಿನ ವರ್ಷಗಳಿಗೆ ರಸ್ತೆಯ ದೂರವೇ ಸರಿಯೆಂಬುದನ್ನು ಕೇಂದ್ರೀಯ ನೇರ ತೆರಿಗೆ ಮಂಡಳಿಯೂ 2015ರ 17ನೇ ಸುತ್ತೋಲೆಯಲ್ಲಿ ಒಪ್ಪಿಕೊಂಡಿದೆ. ಆದ್ದರಿಂದ ಯಾವ ತೀರ್ಪು ಕೈಗೆ ಬಂದರೂ ಸಾರಾಂಶವನ್ನಷ್ಟೇ ಓದಿ ನಿಲ್ಲಿಸದೆ, ಅದು ಯಾವ ಕರನಿರ್ಧಾರಣಾ ವರ್ಷಕ್ಕೆ ಸಂಬಂಧಿಸಿದ್ದೆಂದು ಮೊದಲು ನೋಡಿ, ಆ ವರ್ಷದಲ್ಲಿ ಸೆಕ್ಷನ್ ಹೇಗಿತ್ತೆಂಬುದನ್ನು ಈಗಿನ ಪಠ್ಯದೊಂದಿಗೆ ಸಾಲುಸಾಲಾಗಿ ಹೋಲಿಸಬೇಕು. ಈ ಶ್ರಮಕ್ಕೆ ಒಳದಾರಿ ಇಲ್ಲ.

ಜನಸಂಖ್ಯೆ ಹತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಊರಿಗೆ ಎರಡು, ಹತ್ತು ಲಕ್ಷದವರೆಗೆ ಆರು, ಅದನ್ನು ಮೀರಿದರೆ ಎಂಟು ಕಿ.ಮೀ. ಮಿತಿಯಿದೆ. 2011ರ ಜನಗಣತಿಯಂತೆ ದಾವಣಗೆರೆಯ ಜನಸಂಖ್ಯೆ ನಾಲ್ಕು ಲಕ್ಷವನ್ನು ದಾಟಿರುವುದರಿಂದ ನಿಮಗೆ ಆರು ಕಿ.ಮೀ. ಅನ್ವಯಿಸುತ್ತದೆ; ಐದೂವರೆ ಕಿ.ಮೀ. ದೂರದ ಜಮೀನು ಬಂಡವಾಳ ಆಸ್ತಿಯೇ ಆಗುತ್ತದೆ. ಅಂತರ ಇಷ್ಟು ಕಡಿಮೆ ಇರುವಾಗ ಮೊಬೈಲ್ ನಕ್ಷೆಯ ಅಂದಾಜನ್ನು ನೆಚ್ಚಿಕೊಳ್ಳದೆ, ಪಾಲಿಕೆಯ ಅಧಿಸೂಚಿತ ಗಡಿಯಿಂದ ಆ ಸರ್ವೆ ನಂಬರಿನವರೆಗೆ ಅಳೆಸಿ ಲಿಖಿತ ದೃಢೀಕರಣ ಪಡೆಯಿರಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವುದರಿಂದ ಈ ಮಾರಾಟಕ್ಕೆ ಹಳೆಯ ಕಾಯ್ದೆಯೇ ಆಧಾರ.

ತೆರಿಗೆ ಇದೆಯೆಂದು ಹೇಳುವಲ್ಲಿಗೆ ನಿಮ್ಮ ಸಲಹೆ ಮುಗಿಯಬಾರದು. ಮಾರಾಟಕ್ಕೆ ಹಿಂದಿನ ಎರಡು ವರ್ಷ ಕಕ್ಷಿದಾರರು ಅಥವಾ ಅವರ ತಂದೆ-ತಾಯಿ ಅಲ್ಲಿ ಬೇಸಾಯ ಮಾಡಿದ್ದರೆ, ಪಹಣಿಯಲ್ಲಿ ಬೆಳೆಯ ದಾಖಲೆ ಪರಿಶೀಲಿಸಿ, ಸೆಕ್ಷನ್ 54ಬಿ ವಿನಾಯಿತಿಯನ್ನು ವಿವರಿಸಿ. ಅದಕ್ಕಾಗಿ ಮಾರಿದ ದಿನದಿಂದ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಖರೀದಿಸಬೇಕು. ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಖರೀದಿ ಆಗದಿದ್ದರೆ, ಆ ಮೊತ್ತವನ್ನು ಗಡುವಿಗೆ ಮುನ್ನವೇ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು.