ಹವ್ಯಾಸಕ್ಕಾಗಿ ಬೀಗದ ಕೈ ಇಲ್ಲದೆ ಬೀಗ ತೆರೆಯುವುದನ್ನು ಕಲಿಯಲು ಮನೆಯ ಬಾಗಿಲಿನಿಂದಲೇ ಆರಂಭಿಸಬಹುದೇ? ಯಾವ ಉಪಕರಣಗಳ ಸೆಟ್ ಕೊಳ್ಳಲಿ?

ಬೇಡ. ಯಾರಿಗೂ ಹೇಳದೆ, ಎಲ್ಲರೂ ಮಲಗಿದ ಮೇಲೆ ಮುಂಬಾಗಿಲಿನ ಬೀಗದ ಮೇಲೆ ಅಭ್ಯಾಸ ಮಾಡುವುದಾಗಿ ಬರೆದಿದ್ದೀರಿ. ನಾನೂ ಹಾಗೆಯೇ ಶುರು ಮಾಡಿದವನು. ಅದರಿಂದ ಒಂದು ಒಳ್ಳೆಯ ಬಾಡಿಗೆ ಮನೆಯನ್ನು ಕಳೆದುಕೊಂಡೆ.

ಆಗ ಮೈಸೂರಿನಲ್ಲಿ ಮಹಡಿ ಮನೆಯಲ್ಲಿದ್ದೆವು, ಕೆಳಗೆ ಮಾಲೀಕರು. ಹೆಂಡತಿ ತವರಿಗೆ ಹೋಗಿದ್ದ ಸಂಜೆ ಬಾಗಿಲೆಳೆದುಕೊಂಡು ಹೊರಗೆ ಕುಳಿತು ಬೀಗದೊಳಕ್ಕೆ ತೆಳುವಾದ ಕೊಕ್ಕೆ ತೂರಿಸಿ ಆಡಿಸಿದೆ. ಒಳಗಿನ ಪುಟ್ಟ ಪಿನ್‌ಗಳು ಒಂದೊಂದಾಗಿ ಸರಿಯಾದ ಎತ್ತರದಲ್ಲಿ ಕುಳಿತವು, ಬೀಗದ ಕೈ ತೂರುವ ಸಿಲಿಂಡರಿನ ಒಳಭಾಗ ತಿರುಗಿತು. ಆ ಸಂತೋಷದಲ್ಲಿ ಕೈ ತಡೆಯದೆ ಪೂರ್ತಿ ಅರ್ಧ ಸುತ್ತು ತಿರುಗಿಸಿಬಿಟ್ಟೆ. ಒಳಗೆ ಟಕ್ಕೆಂದು ಏನೋ ಕಚ್ಚಿಕೊಂಡಿತು. ಆಮೇಲೆ ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಆದದ್ದು ಇಷ್ಟು. ಸಿಲಿಂಡರಿನೊಳಗೆ ತಿರುಗುವ ಭಾಗಕ್ಕೆ ಪ್ಲಗ್ ಎನ್ನುತ್ತಾರೆ. ಪ್ರತಿ ರಂಧ್ರದಲ್ಲೂ ಒಂದರ ಮೇಲೊಂದು ಎರಡು ಪಿನ್, ಅವುಗಳ ಮೇಲೆ ಒಂದು ಸ್ಪ್ರಿಂಗ್. ಎರಡು ಪಿನ್‌ಗಳ ನಡುವಿನ ಸಂದು ಎಲ್ಲ ರಂಧ್ರಗಳಲ್ಲೂ ಪ್ಲಗ್ಗಿನ ಅಂಚಿಗೆ ಸರಿಯಾಗಿ ಬಂದಾಗ ಪ್ಲಗ್ ತಿರುಗುತ್ತದೆ. ಆದರೆ ಅನೇಕ ಬೀಗಗಳಲ್ಲಿ ಬೀಗದ ಕೈ ತೂರುವ ಸೀಳು ಪ್ಲಗ್ಗಿನ ತಳದಲ್ಲಿ ತೆರೆದೇ ಇರುತ್ತದೆ. ಅರ್ಧ ಸುತ್ತು ತಿರುಗಿದೊಡನೆ ಆ ತೆರೆದ ತಳ ಮೇಲಕ್ಕೆ ಬಂದು ಪಿನ್‌ಗಳ ಸಾಲಿನ ಕೆಳಗೇ ನಿಲ್ಲುತ್ತದೆ. ಬೀಗದ ಕೈ ಹಾಕಿ ತಿರುಗಿಸುವಾಗ ಅದರ ಬೆನ್ನು ಸೀಳನ್ನು ತುಂಬಿರುವುದರಿಂದ ತೊಂದರೆಯಿಲ್ಲ. ಕೊಕ್ಕೆಯಿಂದ ತೆರೆದಾಗ ಸೀಳು ಖಾಲಿ. ಮೇಲಿನ ಪಿನ್‌ಗಳ ತುದಿಯನ್ನು ಸ್ಪ್ರಿಂಗ್ ಅದರೊಳಕ್ಕೆ ನೂಕುತ್ತದೆ, ಪ್ಲಗ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ತೆಳುವಾದ ಚಪ್ಪಟೆ ಪಟ್ಟಿಯೊಂದನ್ನು ಸೀಳಿಗೆ ತೂರಿಸಿ ಪಿನ್‌ಗಳನ್ನು ಅಂಚಿನವರೆಗೆ ಎತ್ತಿದರೆ ಬಿಟ್ಟುಕೊಳ್ಳುತ್ತದೆ. ನನಗೆ ಅದು ತಿಳಿದಿರಲಿಲ್ಲ. ಬಲ ಹಾಕಿದೆ, ಕೊಕ್ಕೆಯ ತುದಿ ಮುರಿದು ಒಳಗೇ ಉಳಿಯಿತು.

ಬೀಗ ರಿಪೇರಿಯವರನ್ನು ಕರೆಸಿ ಸಿಲಿಂಡರನ್ನು ಡ್ರಿಲ್ ಮಾಡಿಸಬೇಕಾಯಿತು. ಸದ್ದಿಗೆ ಮಾಲೀಕರು ಮೇಲೆ ಬಂದರು. ಹವ್ಯಾಸವೆಂದು ವಿವರಿಸಿದೆ, ಹೊಸ ಬೀಗ ಹಾಕಿಸಿಕೊಟ್ಟೆ. "ನಮ್ಮ ಬಾಗಿಲಿಗೂ ಇದೇ ಬೀಗ ಅಲ್ಲವೇನಪ್ಪಾ?" ಎಂದಷ್ಟೇ ಕೇಳಿದರು. ಕರಾರು ಮುಗಿದಾಗ ನವೀಕರಿಸಲಿಲ್ಲ. ಅವರನ್ನು ದೂರಲಾರೆ. ಹಣ ಹೋದದ್ದಕ್ಕಿಂತ ಅವರು ನನ್ನನ್ನು ನೋಡುವ ರೀತಿ ಬದಲಾದದ್ದು ಹೆಚ್ಚು ನೋಯಿಸಿತು. ಮೊದಲೇ ಅವರ ಮುಂದೆ ಕುಳಿತು ಒಂದು ಬೀಗ ಬಿಚ್ಚಿ ತೋರಿಸಿದ್ದರೆ ಅವರೂ ಕುತೂಹಲದಿಂದ ಕೈಗೆತ್ತಿಕೊಳ್ಳುತ್ತಿದ್ದರು ಎಂದೇ ಇಂದಿಗೂ ನಂಬಿದ್ದೇನೆ.

ಆದ್ದರಿಂದ ಗುಟ್ಟಾಗಿ ಕಲಿಯುವ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಲಂಡನ್ನಿನಲ್ಲಿ ಬೀಗ ತಯಾರಿಸುತ್ತಿದ್ದ ಬ್ರಾಮಾ ಕಂಪನಿ ತನ್ನ ಬೀಗ ತೆರೆದವರಿಗೆ 200 ಗಿನಿ (ಹಳೆಯ ಬ್ರಿಟಿಷ್ ಹಣ) ಕೊಡುವುದಾಗಿ ಅಂಗಡಿಯ ಕಿಟಕಿಯಲ್ಲಿ ಸವಾಲು ಹಾಕಿ ದಶಕಗಳೇ ಕಳೆದಿದ್ದವು. 1851ರಲ್ಲಿ ಅಮೆರಿಕದ ಬೀಗತಜ್ಞ ಆಲ್‌ಫ್ರೆಡ್ ಹಾಬ್ಸ್ ಅದನ್ನು ತೆರೆದದ್ದು ಕಂಪನಿಯ ಒಪ್ಪಿಗೆ ಪಡೆದು, ತೀರ್ಪುಗಾರರನ್ನು ಇಟ್ಟುಕೊಂಡು. 16 ದಿನಗಳಲ್ಲಿ ಹರಡಿಕೊಂಡ 51 ಗಂಟೆಗಳ ಕೆಲಸ. ಈ ವಿದ್ಯೆಗೆ ಮರ್ಯಾದೆ ಬಂದದ್ದು ಹಾಗೆ ಬಹಿರಂಗವಾಗಿ ಮಾಡಿದವರಿಂದ. ಇಂದಿನ ಹವ್ಯಾಸಿಗಳೂ ಎರಡು ಕಟ್ಟಳೆಗಳನ್ನು ಪಾಲಿಸುತ್ತಾರೆ: ನಿಮ್ಮದಲ್ಲದ ಬೀಗಕ್ಕೆ ಅನುಮತಿಯಿಲ್ಲದೆ ಕೈ ಹಾಕಬೇಡಿ, ನಿಮ್ಮದೇ ಆದರೂ ಬಳಕೆಯಲ್ಲಿರುವ ಬೀಗವನ್ನು ಮುಟ್ಟಬೇಡಿ. ಎರಡನೆಯದನ್ನು ಜನ ಹಗುರವಾಗಿ ಕಾಣುತ್ತಾರೆ. ನನ್ನನ್ನು ಮನೆ ಬಿಡಿಸಿದ್ದು ಅದೇ. ಇನ್ನೊಂದು ಮಾತು: ಉಪಕರಣಗಳನ್ನು ಚೀಲದಲ್ಲಿಟ್ಟುಕೊಂಡು ರಾತ್ರಿ ಓಡಾಡಬೇಡಿ. ಪೊಲೀಸರು ತಡೆದು ಕೇಳಿದರೆ ಹವ್ಯಾಸವೆಂಬ ಉತ್ತರ ಸಾಲುವುದಿಲ್ಲ.

ಇನ್ನು ಸೆಟ್. ದೊಡ್ಡ ಸೆಟ್ ಕೊಳ್ಳಲೇಬೇಡಿ. ಒಂದು ಗಿಡ್ಡ ಕೊಕ್ಕೆ, ಪ್ಲಗ್ ತಿರುಗಿಸಲು ಬೇರೆ ಬೇರೆ ದಪ್ಪದ ಒಂದೆರಡು ಬಾಗಿದ ಪಟ್ಟಿ ಸಾಕು. ಉಳಿದ ಹಣಕ್ಕೆ ಬೀಗ ಕೊಳ್ಳಿ. ಆದರೆ ನೋಡಿ ಕೊಳ್ಳಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ "6 ಲಿವರ್", "7 ಲಿವರ್" ಎಂದು ಬರೆದ ಗಟ್ಟಿ ಬೀಗಗಳು ಆ ಸೆಟ್ಟಿಗೆ ಬಗ್ಗುವುದಿಲ್ಲ. ಅಲ್ಲಿ ಪಿನ್‌ಗಳೇ ಇಲ್ಲ. ಸ್ಪ್ರಿಂಗ್‌ಗೆ ಒತ್ತಿಕೊಂಡ ತಗಡುಗಳನ್ನು ಸರಿಯಾದ ಎತ್ತರಕ್ಕೆ ಎತ್ತಬೇಕು, ಅದರ ಉಪಕರಣವೇ ಬೇರೆ. ನಿಮಗೆ ಬೇಕಾದದ್ದು 1861ರಲ್ಲಿ ಲೈನಸ್ ಯೇಲ್ ಜೂನಿಯರ್ ಪೇಟೆಂಟ್ ಪಡೆದ ಮಾದರಿಯದು: ಚಪ್ಪಟೆ ಬೀಗದ ಕೈ, ಅದರ ಒಂದು ಅಂಚಿನಲ್ಲಿ ಹಲ್ಲುಗಳು.

ಸಾಧ್ಯವಾದರೆ ಬಿಡಿ ಸಿಲಿಂಡರ್ ತನ್ನಿ. ಬಿಚ್ಚಿ, ಒಂದು ರಂಧ್ರದಲ್ಲಿ ಮಾತ್ರ ಪಿನ್ ಇಟ್ಟು ತೆರೆಯಿರಿ. ಕೈಗೆ ಹತ್ತಿದ ಮೇಲೆ ಎರಡನೆಯದನ್ನು ಸೇರಿಸಿ. ಬಾಗಿದ ಪಟ್ಟಿಯ ಮೇಲೆ ಬೆರಳಿನ ಭಾರವಷ್ಟೇ ಇರಲಿ, ಹೆಚ್ಚು ಒತ್ತಿದರೆ ಎಲ್ಲ ಪಿನ್‌ಗಳೂ ಬಿಗಿದುಕೊಂಡು ಯಾವುದು ಕುಳಿತಿತೆಂದು ತಿಳಿಯುವುದಿಲ್ಲ. ಬಿಚ್ಚುವಾಗ ಕೆಳಗೆ ಅಂಚಿರುವ ತಟ್ಟೆ ಇಟ್ಟುಕೊಳ್ಳಿ, ಸ್ಪ್ರಿಂಗ್‌ಗಳು ಹಾರುತ್ತವೆ. ಹಗಲಿನಲ್ಲಿ, ನಡುಮನೆಯಲ್ಲಿ ಕುಳಿತು ಮಾಡಿ.